ಕೋಚ್ ಮೇಲೆ ದೂರು ಬಂದರೆ ಕ್ಲಬ್ ಏನು ಮಾಡಬೇಕು: ಮೊದಲ ಗಂಟೆಯಿಂದ ಕೊನೆಯ ಪತ್ರದವರೆಗೆ

ಕ್ಲಬ್ ಕಾರ್ಯದರ್ಶಿಗಳು, ಅಕಾಡೆಮಿ ನಡೆಸುವವರು, ಬೆಳಿಗ್ಗೆ ಐದೂವರೆಗೇ ಮಕ್ಕಳನ್ನು ಮೈದಾನಕ್ಕೆ ಬಿಟ್ಟು ಹೋಗುವ ಅಪ್ಪ ಅಮ್ಮಂದಿರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ನಮ್ಮ ಕೋಚ್ ಬಗ್ಗೆ ಏನೋ ಒಂದು ಮಾತು ಬಂದಿದೆ. ನಿಜವೋ ಸುಳ್ಳೋ ಗೊತ್ತಿಲ್ಲ. ಈಗ ಏನು ಮಾಡೋದು?"

ನಿಜವೋ ಸುಳ್ಳೋ ಎಂದು ತೀರ್ಮಾನ ಮಾಡುವ ಹೊರೆ ನಿಮ್ಮ ತಲೆ ಮೇಲೆ ಇಲ್ಲ. ಅದಕ್ಕೆ ಬೇರೆಯವರಿದ್ದಾರೆ. ಮಕ್ಕಳನ್ನು ಸುರಕ್ಷಿತವಾಗಿ ಇಡುವುದು, ಕೇಳಿದ್ದನ್ನು ಬರೆದಿಡುವುದು, ವಿಷಯವನ್ನು ಅಧಿಕಾರ ಇರುವವರ ಕೈಗೆ ಮುಟ್ಟಿಸುವುದು, ಇಷ್ಟು ನಿಮ್ಮ ಪಾಲಿನದು. ಈ ಮೂರನ್ನು ಹೊತ್ತು ಮೀರದಂತೆ ಮಾಡಿದರೆ ಅರ್ಧ ಅನಾಹುತ ತಪ್ಪುತ್ತದೆ.

ಇನ್ನೊಂದು ಮಾತು ತುಂಬ ಕೇಳಿ ಬರುತ್ತದೆ. "ಇದು ಮೈದಾನದಲ್ಲಿ ಆಗಿದ್ದಲ್ಲವಲ್ಲ, ರಾತ್ರಿ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದಿದ್ದು, ಲಾಡ್ಜ್‌ನಲ್ಲಿ ಆಗಿದ್ದು. ಅದು ಅವರ ಸ್ವಂತ ವಿಷಯ, ಕ್ಲಬ್‌ಗೆ ಏನು ಸಂಬಂಧ?" ಸಂಬಂಧ ಇದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ (ಜನ ಇದನ್ನು ಪಾಶ್ ಕಾಯ್ದೆ ಎನ್ನುತ್ತಾರೆ) ಕ್ರೀಡಾ ಸಂಸ್ಥೆ, ಸ್ಟೇಡಿಯಂ, ಕ್ರೀಡಾ ಸಂಕೀರ್ಣ, ಪಂದ್ಯ ನಡೆಯುವ ಜಾಗ ಇವೆಲ್ಲವನ್ನೂ ಹೆಸರಿಸಿಯೇ ಕೆಲಸದ ಸ್ಥಳ ಎಂದಿದೆ. ಅಲ್ಲೇ ಉಳಿದು ತರಬೇತಿ ಪಡೆಯುವ ಹಾಸ್ಟೆಲ್ ಕೂಡ ಅದರಲ್ಲಿ ಬರುತ್ತದೆ. ಉದ್ಯೋಗದ ನಿಮಿತ್ತ ಹೋದ ಜಾಗ, ಸಂಸ್ಥೆ ಕೊಟ್ಟ ವಾಹನ ಕೂಡ ಬಿಟ್ಟಿಲ್ಲ. ದೂರು ಕೊಡುವವರು ಅಲ್ಲಿ ನೌಕರರೇ ಆಗಿರಬೇಕಿಲ್ಲ, ಇಂತಿಷ್ಟೇ ವಯಸ್ಸಾಗಿರಬೇಕು ಅಂತಲೂ ಇಲ್ಲ. ಫೀಸು ಕಟ್ಟಿ ಕಲಿಯಲು ಬರುವ ಹುಡುಗಿಗೂ ಅದು ಅನ್ವಯಿಸುತ್ತದೆ.

ದೂರು ಬರುವ ಮೊದಲೇ ಇರಬೇಕಾದದ್ದು

ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು. ಇವತ್ತೇ ಒಂದು ಫೈಲ್ ಮಾಡಿ. ಅದರಲ್ಲಿ ಇರಬೇಕಾದ್ದು ಇಷ್ಟೇ.

ದೂರು ಸ್ವೀಕರಿಸಲು ಇಬ್ಬರ ಹೆಸರು, ಅದರಲ್ಲಿ ಒಬ್ಬರು ಹೆಂಗಸು, ಇಬ್ಬರೂ ಕೋಚ್‌ನ ಸಂಬಂಧಿಕರಲ್ಲ. ಈ ಹೆಸರು, ಫೋನ್ ನಂಬರ್ ನೋಟಿಸ್ ಬೋರ್ಡ್‌ನಲ್ಲಿ ಕಾಣುವಂತೆ ಇರಲಿ. ಹತ್ತಿರದ ಪೊಲೀಸ್ ಠಾಣೆ ನಂಬರ್, 112, ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181. ಕೋಚ್ ಜೊತೆಗಿನ ಒಪ್ಪಂದದ ಪ್ರತಿ. ಆ ಒಪ್ಪಂದದಲ್ಲಿ ಒಂದು ಸಾಲು ಕಡ್ಡಾಯವಾಗಿ ಬೇಕು: "ದೂರು ಬಂದರೆ ವಿಚಾರಣೆ ಮುಗಿಯುವವರೆಗೆ ತರಬೇತಿ ಕೆಲಸದಿಂದ ದೂರ ಇಡುವ ಅಧಿಕಾರ ಕ್ಲಬ್‌ಗೆ ಇದೆ." ಈ ಸಾಲು ಇಲ್ಲದೆ ಆಮೇಲೆ ಒದ್ದಾಡುವ ಕ್ಲಬ್‌ಗಳೇ ಜಾಸ್ತಿ.

ನಿಮ್ಮಲ್ಲಿ 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಪಾಶ್ ಕಾಯ್ದೆಯಡಿ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಗ್ರೌಂಡ್ಸ್‌ಮನ್, ವಾಚ್‌ಮನ್, ಗುತ್ತಿಗೆ ಮೇಲೆ ಬರುವ ಫಿಸಿಯೋ, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಅಧ್ಯಕ್ಷೆ ಸಂಸ್ಥೆಯ ಹಿರಿಯ ಮಹಿಳಾ ಉದ್ಯೋಗಿ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಒಬ್ಬರು ಹೊರಗಿನ ಸ್ವಯಂಸೇವಾ ಸಂಸ್ಥೆಯಿಂದ ಬರಬೇಕು. ಸಮಿತಿಯನ್ನೇ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ದೊಡ್ಡ ದೊಡ್ಡ ಸಂಸ್ಥೆಗಳೇ ಇದರಲ್ಲಿ ಹಿಂದೆ ಬಿದ್ದಿವೆ. 2023ರ ಮೇ ತಿಂಗಳಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ಸರಿಯಾದ ಆಂತರಿಕ ಸಮಿತಿ ಇಲ್ಲ ಎಂಬ ಕಾರಣಕ್ಕೆ ರಾಷ್ಟ್ರೀಯ ಕ್ರೀಡಾ ಫೆಡರೇಷನ್‌ಗಳಿಗೇ ನೋಟಿಸ್ ಕೊಟ್ಟಿತು. 2025ರಲ್ಲಿ ಬಂದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಮಹಿಳೆಯರು ಮತ್ತು ಚಿಕ್ಕ ವಯಸ್ಸಿನ ಆಟಗಾರರಿಗಾಗಿ ಸುರಕ್ಷಿತ ಕ್ರೀಡಾ ನೀತಿಯ ಮಾತು ಸೇರಿದೆ. ಆ ನೀತಿ ನಿಮ್ಮ ಬೀದಿಯ ಕ್ಲಬ್‌ವರೆಗೆ ಇಳಿದು ಬರಲಿ ಎಂದು ಕಾಯಬೇಡಿ.

ಹಂತ 1: ಕೇಳಿ, ಬರೆಯಿರಿ

ದೂರು ಅಂದರೆ ಟೈಪ್ ಮಾಡಿದ ಅರ್ಜಿ ಎಂದುಕೊಳ್ಳಬೇಡಿ. ಹೆಚ್ಚಿನ ಸಲ ಅದು ಬರುವುದು ಹೀಗೆ: ಹುಡುಗಿ ಮೂರು ದಿನದಿಂದ ಪ್ರಾಕ್ಟೀಸ್‌ಗೆ ಬಂದಿಲ್ಲ. ಯಾಕೆ ಎಂದು ಕೇಳಿದರೆ "ಹೊಟ್ಟೆ ನೋವು" ಎನ್ನುತ್ತಾಳೆ. ಆಮೇಲೆ ಜೊತೆಯಲ್ಲಿ ಆಡುವವಳು ಬಂದು, "ಆಂಟಿ, ಸರ್ ಅವಳಿಗೆ ರಾತ್ರಿ ಮೆಸೇಜ್ ಮಾಡ್ತಾರೆ, ಅದಕ್ಕೇ ಬರ್ತಿಲ್ಲ" ಎಂದು ಹೇಳಿ ಓಡಿಹೋಗುತ್ತಾಳೆ. ಇದೂ ದೂರೇ. ಇದನ್ನು ಕೇಳಿದ ಗಳಿಗೆಯಿಂದ ನಿಮಗೆ ವಿಷಯ ಗೊತ್ತಾದ ಹಾಗೆ.

ಹುಡುಗಿ ಅಥವಾ ಹುಡುಗ ನಿಮ್ಮ ಹತ್ತಿರವೇ ಬಂದು ಹೇಳಿದರೆ, ಬಾಗಿಲು ಮುಚ್ಚಿದ ಆಫೀಸ್ ರೂಮ್ ಬೇಡ. ಬೇರೆಯವರಿಗೆ ಮಾತು ಕೇಳಿಸದ, ಆದರೆ ಹೊರಗಿನಿಂದ ಕಾಣುವ ಜಾಗದಲ್ಲಿ ಕೂರಿಸಿ. ಅವರಿಗೆ ನಂಬಿಕೆ ಇರುವ ಒಬ್ಬರು ಜೊತೆಗಿರಲಿ. "ಹೇಳಿದ್ದು ಒಳ್ಳೇದಾಯ್ತಮ್ಮ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ" ಎಂದಷ್ಟೇ ಹೇಳಿ. ಮಧ್ಯೆ ಬಾಯಿ ಹಾಕಬೇಡಿ. "ಅಷ್ಟು ಹೊತ್ತಿನಲ್ಲಿ ಯಾಕೆ ಹೋದೆ?", "ಮೊದಲೇ ಯಾಕೆ ಹೇಳಲಿಲ್ಲ?" ಎಂಬ ಪ್ರಶ್ನೆ ಬಂದ ಕೂಡಲೇ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ಆ ಬಾಯಿ ತೆರೆಸುವುದು ಯಾರಿಂದಲೂ ಆಗುವುದಿಲ್ಲ.

ಬರೆಯುವಾಗ ಅವರು ಆಡಿದ ಮಾತನ್ನೇ ಬರೆಯಿರಿ. "ಅಸಭ್ಯವಾಗಿ ವರ್ತಿಸಿದರು" ಎಂದು ನೀವು ಸೋಸಿ ಬರೆದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಹೀಗಿರಲಿ: "ಶನಿವಾರ ಮ್ಯಾಚ್ ಮುಗಿದ ಮೇಲೆ ಊಟ ಆಗಿತ್ತು. ಸರ್ ಫೋನ್ ಮಾಡಿ ಮೊಣಕಾಲಿಗೆ ಸ್ಪ್ರೇ ಹಾಕ್ತೀನಿ, ರೂಮಿಗೆ ಬಾ ಅಂದರು. ನಾನು ರಮ್ಯಕ್ಕನ್ನೂ ಕರ್ಕೊಂಡು ಬರ್ತೀನಿ ಅಂದೆ. ಬೇಡ, ಒಬ್ಬಳೇ ಬಾ ಅಂದರು." ಇಂಥ ನಾಲ್ಕು ಸಾಲಿನಲ್ಲಿ ಯಾವಾಗ, ಎಲ್ಲಿ, ಬೇರೆ ಯಾರಿಗೆ ಗೊತ್ತಿದೆ, ಎಲ್ಲ ತಾನಾಗಿ ಬರುತ್ತದೆ. ಕೆಳಗೆ ದಿನಾಂಕ, ಸಮಯ, ನಿಮ್ಮ ಸಹಿ.

ಜೋಕೆ: "ಯಾರಿಗೂ ಹೇಳೋದಿಲ್ಲ" ಎಂದು ಮಾತು ಕೊಡಬೇಡಿ. ಅದನ್ನು ಉಳಿಸಿಕೊಳ್ಳಲು ನಿಮ್ಮಿಂದ ಆಗುವುದಿಲ್ಲ. "ಯಾರಿಗೆ ಹೇಳಲೇಬೇಕೋ ಅವರಿಗೆ ಮಾತ್ರ ಹೇಳುತ್ತೇನೆ" ಅನ್ನಿ. ಅದೇ ಕತೆಯನ್ನು ಅಧ್ಯಕ್ಷರಿಗೊಮ್ಮೆ, ಖಜಾಂಚಿಗೊಮ್ಮೆ, ಹಿರಿಯ ಸದಸ್ಯರಿಗೊಮ್ಮೆ ಮಗುವಿನ ಬಾಯಲ್ಲಿ ಹೇಳಿಸಬೇಡಿ. ಫೋನಿನಲ್ಲಿರುವ ಮೆಸೇಜ್ ಅಳಿಸದಂತೆ ಹೇಳಿ. ಸ್ಕ್ರೀನ್‌ಶಾಟ್ ತೆಗೆದಿಟ್ಟರೂ ಆ ಫೋನ್ ಹಾಗೇ ಇರಲಿ, ಅಸಲಿ ಸಾಕ್ಷ್ಯ ಅದೇ. ತಾನಾಗಿ ಮಾಯವಾಗುವ ಮೆಸೇಜ್ ಸೆಟ್ಟಿಂಗ್ ಆನ್ ಆಗಿದೆಯಾ ಎಂದು ಮನೆಯವರಿಗೆ ತಕ್ಷಣ ನೋಡಲು ಹೇಳಿ.

ಹಂತ 2: ವಯಸ್ಸು ನೋಡಿ, ದಾರಿ ಆರಿಸಿ

ಇಲ್ಲಿ ದಾರಿ ಎರಡಾಗುತ್ತದೆ. ಗಡಿ 18 ವರ್ಷ.

18 ತುಂಬಿಲ್ಲ, ದೂರು ಲೈಂಗಿಕ ಸ್ವರೂಪದ್ದು ಎಂದಾದರೆ ಕ್ಲಬ್‌ನ ವಿಚಾರಣೆ, ಸಮಿತಿ, ಸಭೆ ಯಾವುದಕ್ಕೂ ಕಾಯುವಂತಿಲ್ಲ. ಅದೇ ದಿನ ಪೊಲೀಸರಿಗೆ ತಿಳಿಸಬೇಕು. ಇದು ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಕಾಯ್ದೆಯ 19ನೇ ಸೆಕ್ಷನ್. ಹುಡುಗ, ಹುಡುಗಿ ಎಂಬ ಭೇದ ಇಲ್ಲ. ಗೊತ್ತಿದ್ದೂ ಹೇಳದೆ ಇರುವುದೇ ಅಪರಾಧ. ತನ್ನ ಕೈಕೆಳಗೆ ಕೆಲಸ ಮಾಡುವವನ ವಿಷಯದಲ್ಲಿ ಸಂಸ್ಥೆಯ ಮುಖ್ಯಸ್ಥ ಸುಮ್ಮನಿದ್ದರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಕೋಚ್‌ನಂತೆ ನಂಬಿಕೆಯ, ಅಧಿಕಾರದ ಜಾಗದಲ್ಲಿರುವವರು ಮಾಡಿದ ಹಲ್ಲೆಯನ್ನು ಈ ಕಾಯ್ದೆ ಹೆಚ್ಚು ಗಂಭೀರ ಎಂದು ಎಣಿಸುತ್ತದೆ.

ಮನೆಯವರು ಬೇಡ ಅನ್ನಬಹುದು. "ಮದುವೆ ಆಗಬೇಕಾದ ಹುಡುಗಿ, ಸ್ಟೇಷನ್ ಮೆಟ್ಟಿಲು ಹತ್ತಿಸಬೇಡಿ" ಎಂದು ಕೈಮುಗಿಯುವ ತಾಯಂದಿರಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ಅವರು ಬೇಡ ಅಂದ ಮಾತ್ರಕ್ಕೆ ನಿಮ್ಮ ಮೇಲಿನ ಕರ್ತವ್ಯ ತಪ್ಪುವುದಿಲ್ಲ. ಅವರಿಗೆ ಇದನ್ನು ಬಿಡಿಸಿ ಹೇಳಿ: ಮಗು ಠಾಣೆಗೆ ಹೋಗಲೇಬೇಕು ಅಂತಿಲ್ಲ. ಹೇಳಿಕೆಯನ್ನು ಮನೆಯಲ್ಲೇ, ಅಥವಾ ಮಗು ಇಷ್ಟಪಡುವ ಜಾಗದಲ್ಲೇ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ಕೋರ್ಟಿನಲ್ಲಿ ಆರೋಪಿ ಎದುರಿಗೆ ಮಗುವನ್ನು ನಿಲ್ಲಿಸುವುದಿಲ್ಲ, ವಿಚಾರಣೆ ಮುಚ್ಚಿದ ಬಾಗಿಲಲ್ಲಿ ನಡೆಯುತ್ತದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಬೇಕು. ಘಟನೆ ಬೇರೆ ಊರಿನ ಟೂರ್ನಮೆಂಟ್‌ನಲ್ಲಿ ಆಗಿದ್ದರೂ ನಿಮ್ಮೂರ ಠಾಣೆಯಲ್ಲೇ ದೂರು ಕೊಡಬಹುದು. ಅದಕ್ಕೆ ಜೀರೋ ಎಫ್‌ಐಆರ್ ಎನ್ನುತ್ತಾರೆ. ಅಲ್ಲಿ ದಾಖಲಿಸಿಕೊಂಡು, ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸುತ್ತಾರೆ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ಪ್ರಕರಣ ನೋಡಿ. 2015ರ ಜೂನ್‌ನಲ್ಲೇ ಅಲ್ಲಿನ ಜಿಮ್ನಾಸ್ಟಿಕ್ಸ್ ಸಂಸ್ಥೆಗೆ ಅವನ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದ ವಿಷಯ ತಿಳಿದಿತ್ತು. ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಹೇಳಲು ಸುಮಾರು ಐದು ವಾರ ತೆಗೆದುಕೊಂಡಿತು. ಎಫ್‌ಬಿಐ ಕೂಡ ಒಂದು ವರ್ಷಕ್ಕೂ ಹೆಚ್ಚು ಕಾಲ ಸರಿಯಾಗಿ ತನಿಖೆ ಮಾಡಲಿಲ್ಲ. ಆ ಅವಧಿಯಲ್ಲಿ 70 ಅಥವಾ ಅದಕ್ಕೂ ಹೆಚ್ಚು ಕ್ರೀಡಾಪಟುಗಳು ಅವನ ಕೈಗೆ ಸಿಕ್ಕಿದರು ಎಂದು ಆರೋಪವಿರುವುದನ್ನು ಅಲ್ಲಿನ ನ್ಯಾಯಾಂಗ ಇಲಾಖೆಯ 2021ರ ವರದಿ ಉಲ್ಲೇಖಿಸಿದೆ. "ಸ್ವಲ್ಪ ದಿನ ನೋಡೋಣ" ಎಂದು ನಾವು ಅಂದುಕೊಳ್ಳುವ ಆ ಸ್ವಲ್ಪ ದಿನದ ಬೆಲೆ ಇದು.

ವಯಸ್ಸಿನ ಬಗ್ಗೆ ಒಂದು ಸೂಕ್ಷ್ಮ ಇದೆ. ನಮ್ಮಲ್ಲಿ ಅಂಡರ್-16, ಅಂಡರ್-19 ಎಂದು ಆಡಿಸಲು ಹುಟ್ಟಿದ ದಿನಾಂಕ ತಿದ್ದುವ ಕೆಟ್ಟ ಚಾಳಿ ಇದೆ. ಕ್ಲಬ್ ಫೈಲಿನ ದಿನಾಂಕಕ್ಕೂ ಶಾಲೆಯ ದಾಖಲೆಗೂ ತಾಳೆ ಆಗದಿದ್ದರೆ, ಮಗು ಎಂದೇ ಭಾವಿಸಿ ನಡೆಯಿರಿ. ಸರಿಯಾದ ವಯಸ್ಸನ್ನು ಪೊಲೀಸರು ನೋಡಿಕೊಳ್ಳುತ್ತಾರೆ. ತಿದ್ದಿದ್ದು ಹೊರಗೆ ಬರುತ್ತದೆ ಎಂದು ಹೆದರಿ ದೂರನ್ನು ಹೂತು ಹಾಕಬೇಡಿ.

18 ದಾಟಿದ ಮಹಿಳೆ ಆದರೆ ಆಯ್ಕೆ ಅವರದು. ಪೊಲೀಸ್ ದೂರು ಕೊಡಬಹುದು, ಆಂತರಿಕ ಸಮಿತಿಗೆ ಹೋಗಬಹುದು, ಎರಡನ್ನೂ ಮಾಡಬಹುದು. ಸಮಿತಿಗೆ ದೂರು ಕೊಡಲು ಘಟನೆಯಿಂದ ಮೂರು ತಿಂಗಳು ಸಮಯ. ಸರಿಯಾದ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಕೊಡುವ ಅವಕಾಶ ಇದೆ. ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯ ಕೆಲಸ.

ನಿಮ್ಮಲ್ಲಿ 10 ಜನಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಪ್ರತಿ ಜಿಲ್ಲೆಗೂ ಇರುವ ಸ್ಥಳೀಯ ಸಮಿತಿಗೆ ಹೋಗಬೇಕು. ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಶೀ-ಬಾಕ್ಸ್ ಎಂಬ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮೂರುಗಳ ಅಕಾಡೆಮಿ ಎಂದರೆ ಹೆಚ್ಚಿನ ಕಡೆ ಒಬ್ಬ ಕೋಚ್, ಬಾಡಿಗೆಗೆ ಹಿಡಿದ ಶಟಲ್ ಕೋರ್ಟ್, ಇಬ್ಬರು ಸಹಾಯಕರು. ಕೋಚ್ ಅವರೇ, ಮಾಲೀಕರೂ ಅವರೇ. ಅಲ್ಲಿ "ಮ್ಯಾನೇಜ್‌ಮೆಂಟ್‌ಗೆ ಹೇಳಿ" ಅನ್ನುವುದಕ್ಕೆ ಅರ್ಥವೇ ಇಲ್ಲ. ಅಂಥ ಕಡೆ ಅಪ್ಪ ಅಮ್ಮ ನೇರವಾಗಿ ಹೊರಗೆ ಹೋಗಬೇಕು. ಮಗು ಚಿಕ್ಕದಿದ್ದರೆ ಪೊಲೀಸರು ಅಥವಾ 1098. ದೊಡ್ಡವರಾದರೆ ಸ್ಥಳೀಯ ಸಮಿತಿ ಅಥವಾ ಪೊಲೀಸರು.

ಲೈಂಗಿಕವಲ್ಲದ ದೂರುಗಳನ್ನು ಬೇಗ ಮುಗಿಸುತ್ತೇನೆ. ಮಕ್ಕಳಿಗೆ ಹೊಡೆಯುವುದು, ಹಿಂಸೆ ಕೊಡುವುದು ಬಾಲನ್ಯಾಯ ಕಾಯ್ದೆ ಪ್ರಕಾರ ಅಪರಾಧ, ಅದಕ್ಕೂ ಪೊಲೀಸ್, 1098 ದಾರಿಯೇ. ಸೆಲೆಕ್ಷನ್‌ಗೆ ದುಡ್ಡು ಕೇಳಿದರೆ ರಾಜ್ಯ ಅಸೋಸಿಯೇಷನ್‌ಗೆ ಲಿಖಿತ ದೂರು. ಕೋಚ್ ರಾಜ್ಯ ಸರ್ಕಾರಿ ನೌಕರರಾದರೆ ಲೋಕಾಯುಕ್ತ. ಮಕ್ಕಳಿಗೆ ಇಂಜೆಕ್ಷನ್, ಮಾತ್ರೆ ಕೊಡುತ್ತಿದ್ದಾರೆ ಎಂಬ ಗುಮಾನಿ ಇದ್ದರೆ ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ. ವಯಸ್ಕ ಗಂಡಸರ ದೂರು ಪಾಶ್ ಕಾಯ್ದೆಯಲ್ಲಿ ಬರುವುದಿಲ್ಲ. ಹಾಗೆಂದು ವಾಪಸ್ ಕಳಿಸಬೇಡಿ. ಕ್ಲಬ್‌ನ ಶಿಸ್ತು ನಿಯಮದಡಿ ತೆಗೆದುಕೊಳ್ಳಿ.

ಹಂತ 3: ಕೋಚ್‌ನನ್ನು ಕೆಲಸದಿಂದ ದೂರ ಇಡಿ

ಎಲ್ಲ ಕ್ಲಬ್‌ಗಳೂ ಎಡವುವುದು ಇಲ್ಲೇ. "ನಾಳೆ ಸೆಮಿಫೈನಲ್ ಇದೆ, ಅದು ಮುಗಿಯಲಿ." "ಇಪ್ಪತ್ತು ವರ್ಷದಿಂದ ಇರೋರು, ಎಷ್ಟು ಮಕ್ಕಳನ್ನ ಸ್ಟೇಟ್‌ಗೆ ಕಳಿಸಿದ್ದಾರೆ, ಹೇಗೆ ನಿಲ್ಲಿಸೋದು?" ಈ ಮಾತು ಆಡುವವರು ಕೆಟ್ಟವರೇನಲ್ಲ. ಅವರಿಗೆ ಕೋಚ್ ಬೇಕು, ಕಪ್ ಬೇಕು. ಆದರೆ ಆ ಒಂದು ದಿನದಲ್ಲಿ ಆಗುವುದನ್ನು ಯೋಚಿಸಿ. ದೂರು ಕೊಟ್ಟ ಹುಡುಗಿ ಅದೇ ಬಸ್ಸಿನಲ್ಲಿ, ಅದೇ ಮನುಷ್ಯ ಬರೆದ ಟೀಮ್ ಲಿಸ್ಟ್ ಕಾಯುತ್ತ ಕೂತಿರುತ್ತಾಳೆ. ಅವನಿಗೆ ಮೆಸೇಜ್ ಅಳಿಸಲು, ಬೇರೆ ಮಕ್ಕಳ ಬಾಯಿ ಮುಚ್ಚಿಸಲು, ಅಪ್ಪ ಅಮ್ಮಂದಿರನ್ನು ಒಲಿಸಿಕೊಳ್ಳಲು ಪೂರ್ತಿ ದಿನ ಸಿಗುತ್ತದೆ.

ದೂರ ಇಡುವುದು ಶಿಕ್ಷೆ ಅಲ್ಲ. ಬಾಯಿಮಾತಲ್ಲಿ "ಸ್ವಲ್ಪ ದಿನ ಬರಬೇಡಿ ಸರ್" ಅಂದರೆ ಸಾಲದು. ಪತ್ರ ಕೊಡಿ. ಹೀಗೆ ಬರೆಯಬಹುದು:

"ನಿಮ್ಮ ನಡವಳಿಕೆಯ ಬಗ್ಗೆ ಕ್ಲಬ್‌ಗೆ ಒಂದು ದೂರು ಬಂದಿದೆ. ವಿಚಾರಣೆ ಮುಗಿಯುವವರೆಗೆ ತರಬೇತಿ, ಆಯ್ಕೆ ಮತ್ತು ಪ್ರವಾಸದ ಎಲ್ಲ ಕೆಲಸಗಳಿಂದ ನಿಮ್ಮನ್ನು ದೂರ ಇಡಲಾಗಿದೆ. ಇದು ತಾತ್ಕಾಲಿಕ ಕ್ರಮ, ಶಿಕ್ಷೆ ಅಲ್ಲ. ಈ ಅವಧಿಯಲ್ಲಿ ಕ್ಲಬ್‌ನ ಆಟಗಾರರನ್ನಾಗಲಿ ಅವರ ಮನೆಯವರನ್ನಾಗಲಿ ನೇರವಾಗಿ, ಫೋನಿನಲ್ಲಿ ಅಥವಾ ಬೇರೆಯವರ ಮೂಲಕ ಸಂಪರ್ಕಿಸಬಾರದು. ನಿಮ್ಮ ಮಾತು ಹೇಳಲು ನಿಮಗೆ ಪೂರ್ತಿ ಅವಕಾಶ ಸಿಗುತ್ತದೆ."

ಪತ್ರದಲ್ಲಿ ದೂರು ಕೊಟ್ಟವರ ಹೆಸರು ಬೇಡ. ಮಗುವಿನ ವಿಷಯವಾದರೆ ಮೊದಲು ಪೊಲೀಸರಿಗೆ ತಿಳಿಸಿ, ಆಮೇಲೆ ಈ ಪತ್ರ ಕೊಡಿ. ಪತ್ರದ ಜೊತೆಗೇ ಹಾಸ್ಟೆಲ್ ಬೀಗದ ಕೈ, ಸಾಮಾನು ಕೋಣೆಯ ಬೀಗದ ಕೈ, ಆಟಗಾರರ ನಂಬರ್ ಇರುವ ರಿಜಿಸ್ಟರ್ ವಾಪಸ್ ತೆಗೆದುಕೊಳ್ಳಿ. ವಾಟ್ಸಾಪ್ ಗುಂಪುಗಳಿಂದ ತೆಗೆಯಿರಿ. ಎಷ್ಟೋ ಕಡೆ ಗುಂಪಿನ ಅಡ್ಮಿನ್ ಕೋಚೇ ಆಗಿರುತ್ತಾರೆ. ಹಾಗಿದ್ದರೆ ಹೊಸ ಗುಂಪು ಮಾಡಿ.

ಸಂಬಳ? ವಿಚಾರಣೆ ಮುಗಿಯುವವರೆಗೆ ಒಪ್ಪಂದದಲ್ಲಿ ಇದ್ದಂತೆ ಕೊಡಿ. ತಪ್ಪು ಸಾಬೀತಾಗುವ ಮೊದಲೇ ಹೊಟ್ಟೆಗೆ ಹೊಡೆಯುವುದು ನ್ಯಾಯವಲ್ಲ. ನಾಳೆ ಕೋರ್ಟಿನಲ್ಲಿ ಕ್ಲಬ್‌ಗೇ ತಿರುಗಿಬೀಳುತ್ತದೆ.

ಜೋಕೆ: ಕೋಚ್‌ನನ್ನು ಇಟ್ಟುಕೊಂಡು ಹುಡುಗಿಯನ್ನು ಸಂಜೆ ಬ್ಯಾಚ್‌ಗೆ ಹಾಕುವುದು, "ಸ್ವಲ್ಪ ದಿನ ರೆಸ್ಟ್ ತಗೋಮ್ಮ" ಅನ್ನುವುದು ಬೇಡವೇ ಬೇಡ. ಊರಿಗೆ ಅದು ಅವಳದೇ ತಪ್ಪು ಎಂದು ಕಾಣುತ್ತದೆ. ಸೀಸನ್ ಕೂಡ ಅವಳದೇ ಹಾಳಾಗುತ್ತದೆ. ಅವಳೇ ಬಯಸಿ ಕೇಳಿದರೆ ಮಾತ್ರ ಬದಲಿಸಿ.

ಹಂತ 4: ವಿಚಾರಣೆ ನಡೆಯಲಿ, ನೀವು ಅಡ್ಡ ಬರಬೇಡಿ

ಆಂತರಿಕ ಸಮಿತಿಗೆ ದೂರು ಹೋದರೆ ಕಾನೂನೇ ದಿನ ಗೊತ್ತು ಮಾಡಿದೆ. ದೂರಿನ ಪ್ರತಿ 7 ಕೆಲಸದ ದಿನಗಳೊಳಗೆ ಕೋಚ್ ಕೈಗೆ ಸೇರಬೇಕು. ಉತ್ತರ ಕೊಡಲು ಅವರಿಗೆ 10 ಕೆಲಸದ ದಿನ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಮುಗಿದ 10 ದಿನದೊಳಗೆ ವರದಿ ಕ್ಲಬ್‌ಗೆ ಬರಬೇಕು. ವರದಿ ಬಂದ 60 ದಿನದೊಳಗೆ ಕ್ಲಬ್ ಕ್ರಮ ತೆಗೆದುಕೊಳ್ಳಬೇಕು. ಯಾರಿಗೆ ಒಪ್ಪಿಗೆ ಇಲ್ಲವೋ ಅವರು 90 ದಿನದೊಳಗೆ ಮೇಲ್ಮನವಿ ಹಾಕಬಹುದು. ಸಮಿತಿ ಮುಂದೆ ಇಬ್ಬರ ಪರವಾಗಿಯೂ ವಕೀಲರು ನಿಲ್ಲುವಂತಿಲ್ಲ. ಈ ದಿನಾಂಕಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಸುಮ್ನೆ ದಿನ ತಳ್ಳಿದರೆ ದೂರು ತಾನಾಗಿ ತಣ್ಣಗಾಗುತ್ತದೆ ಎಂದು ಕಾಯುವವರು ಎಲ್ಲ ಕಡೆ ಇರುತ್ತಾರೆ.

ನಮ್ಮೂರ ಅಭ್ಯಾಸವೇ ಇಲ್ಲಿ ದೊಡ್ಡ ಅಪಾಯ. ನಾಲ್ಕು ಹಿರಿಯರು ಸೇರಿ, ಇಬ್ಬರನ್ನೂ ಎದುರು ಬದುರು ಕೂರಿಸಿ, "ಆಗಿದ್ದು ಆಯ್ತು, ಸರ್ ಕೈಲಿ ಕ್ಷಮೆ ಕೇಳಿಸ್ತೀವಿ, ಮುಗಿಸಿಬಿಡಿ" ಅನ್ನುವುದು. ಮಗುವಿನ ವಿಷಯದಲ್ಲಿ ರಾಜಿ ಎಂಬ ಮಾತೇ ಇಲ್ಲ. ದೊಡ್ಡವರ ವಿಷಯದಲ್ಲಿ ವಿಚಾರಣೆ ಶುರುವಾಗುವ ಮೊದಲು ರಾಜಿ ಮಾಡಿಸಬಹುದು, ಆದರೆ ಮಹಿಳೆಯೇ ಕೇಳಿದರೆ ಮಾತ್ರ. ದುಡ್ಡು ಕೊಟ್ಟು ರಾಜಿ ಮಾಡಿಕೊಳ್ಳುವುದನ್ನು ಕಾನೂನು ಒಪ್ಪುವುದಿಲ್ಲ.

ಕೋಚ್ ಕಡೆಯ ನ್ಯಾಯವನ್ನೂ ಇಷ್ಟೇ ಗಟ್ಟಿಯಾಗಿ ಹೇಳಬೇಕು. ಅವರಿಗೆ ದೂರಿನ ಪ್ರತಿ ಸಿಗಬೇಕು, ಸಾಕ್ಷಿಗಳನ್ನು ಕರೆಯುವ ಅವಕಾಶ ಸಿಗಬೇಕು, ಅವರ ಕಟ್ಟಾ ವಿರೋಧಿಯೊಬ್ಬರು ಸಮಿತಿಯಲ್ಲಿ ಕೂತಿರಬಾರದು. ಆರೋಪ ಸಾಬೀತಾಗದಿದ್ದರೆ ಹೊರಗಿಟ್ಟಾಗ ಪತ್ರ ಕೊಟ್ಟ ಹಾಗೆಯೇ ಒಳಗೆ ಕರೆಯುವಾಗಲೂ ಪತ್ರ ಕೊಡಿ, ಯಾರಿಗೆಲ್ಲ ತಿಳಿಸಿದ್ದಿರೋ ಅವರಿಗೆಲ್ಲ ತಿಳಿಸಿ. ಜೊತೆಗೆ ಇದನ್ನೂ ನೆನಪಿಡಿ: ಸಾಬೀತಾಗಲಿಲ್ಲ ಎಂದರೆ ದೂರು ಸುಳ್ಳು ಎಂದು ಅರ್ಥವಲ್ಲ. ಬೇಕೆಂದೇ ಸುಳ್ಳು ಹೇಳಿದ್ದು ಬೇರೆಯಾಗಿ ಸಾಬೀತಾಗಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ಹಂತ 5: ಉಳಿದವರಿಗೆ ಎಷ್ಟು ಹೇಳಬೇಕು

ಮೂರನೇ ದಿನಕ್ಕೆ ಪೋಷಕರ ಗುಂಪಿನಲ್ಲಿ "ಸರ್ ಯಾಕೆ ಬರ್ತಿಲ್ಲ?" ಎಂದು ಶುರುವಾಗುತ್ತದೆ. ಏನೂ ಹೇಳದಿದ್ದರೆ ಊಹಾಪೋಹ ಹಬ್ಬುತ್ತದೆ, ಎಲ್ಲ ಹೇಳಿದರೆ ಕಾನೂನು ಮುರಿದಂತೆ. ಇಷ್ಟು ಹಾಕಿ:

"ಕೋಚ್ ಅವರ ಬಗ್ಗೆ ಒಂದು ದೂರು ಬಂದಿದೆ. ನಿಯಮದಂತೆ ಅದನ್ನು ಸಂಬಂಧಪಟ್ಟವರಿಗೆ ಒಪ್ಪಿಸಿದ್ದೇವೆ. ವಿಚಾರಣೆ ಮುಗಿಯುವವರೆಗೆ ಅವರು ತರಬೇತಿ ಕೊಡುವುದಿಲ್ಲ. ಸೋಮವಾರದಿಂದ ಪ್ರಾಕ್ಟೀಸ್ ಎಂದಿನಂತೆ ನಡೆಯುತ್ತದೆ. ನಿಮ್ಮ ಮಗು ಏನಾದರೂ ಹೇಳಲು ಬಯಸಿದರೆ ಈ ಇಬ್ಬರಿಗೆ ಫೋನ್ ಮಾಡಿ. ದಯವಿಟ್ಟು ಗುಂಪಿನಲ್ಲಿ ಯಾರ ಹೆಸರನ್ನೂ ಬರೆಯಬೇಡಿ."

ಕೊನೆಯ ಎರಡು ವಾಕ್ಯ ತುಂಬ ಮುಖ್ಯ. ಒಂದು ಮಗು ಬಾಯಿ ಬಿಟ್ಟಾಗ ಇನ್ನೊಂದು ಮಗುವಿಗೂ ಧೈರ್ಯ ಬರಬಹುದು. ಆ ಫೋನ್ ಎತ್ತಲು ಒಬ್ಬರು ಇರಬೇಕು.

ಗುರುತು ಬಿಟ್ಟುಕೊಡುವುದು ಬರೀ ಹೆಸರಿನಿಂದ ಆಗುವುದಲ್ಲ. "ಹಾಸನದ ಹದಿನೈದರ ಎಡಗೈ ಸ್ಪಿನ್ನರ್" ಎಂದರೆ ಸಾಕು, ಜಿಲ್ಲೆಯ ಅರ್ಧ ಜನಕ್ಕೆ ಯಾರೆಂದು ತಿಳಿಯುತ್ತದೆ. ಮಗುವಿನ ಹೆಸರು, ಫೋಟೋ, ಶಾಲೆ, ಮನೆ ವಿವರ ಮಾಧ್ಯಮದಲ್ಲಿ ಬರುವುದನ್ನು ಪೋಕ್ಸೊ ತಡೆಯುತ್ತದೆ. ಅತ್ಯಾಚಾರದಂಥ ಅಪರಾಧಗಳಲ್ಲಿ ಸಂತ್ರಸ್ತರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಪಾಶ್ ವಿಚಾರಣೆಯಲ್ಲಿ ಆರೋಪಿಯ ಗುರುತು, ವಿಚಾರಣೆಯ ವಿವರ ಕೂಡ ಮಾಧ್ಯಮಕ್ಕೆ, ಸಾರ್ವಜನಿಕರಿಗೆ ಹೋಗಬಾರದು. ಪತ್ರಕರ್ತರು ಫೋನ್ ಮಾಡಿದರೆ ಮಾತಾಡುವವರು ಒಬ್ಬರೇ ಇರಲಿ, ಮೇಲಿನ ಸಂದೇಶದಲ್ಲಿ ಇರುವುದಕ್ಕಿಂತ ಒಂದು ಪದವೂ ಜಾಸ್ತಿ ಬೇಡ.

ಹಂತ 6: ದೂರು ಕೊಟ್ಟವರ ಆಟ ನಿಲ್ಲದಿರಲಿ

ವಿಚಾರಣೆಯ ಗದ್ದಲದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಆ ಹುಡುಗಿ ಬಂದಿದ್ದು ಆಡಲು. ಮುಂದಿನ ತಿಂಗಳು ಜಿಲ್ಲಾ ಸೆಲೆಕ್ಷನ್ ಇದ್ದರೆ ಅವಳ ಹೆಸರು ಪಟ್ಟಿಯಲ್ಲಿ ಇದೆಯಾ? ಅವಳ ಆಟ ನೋಡಿ ಅಂಕ ಹಾಕುವವರು ಆ ಕೋಚ್‌ನ ಶಿಷ್ಯರೋ, ಗೆಳೆಯರೋ? ಹಾಗಿದ್ದರೆ ಹೊರಗಿನ ಒಬ್ಬರನ್ನು ಸೆಲೆಕ್ಟರ್ ಆಗಿ ಕೊಡಿ ಎಂದು ಅಸೋಸಿಯೇಷನ್‌ಗೆ ಬರೆಯಿರಿ. ಜೊತೆಯವರು ಮಾತು ಬಿಡುವುದು, ಪಾಸ್ ಕೊಡದಿರುವುದು, "ನಿನ್ನಿಂದ ಸರ್ ಹೋದರು" ಅನ್ನುವುದು ಆಗಿಯೇ ಆಗುತ್ತದೆ. ಸೀನಿಯರ್ ಆಟಗಾರರನ್ನು ಕರೆದು, ವಿವರಕ್ಕೆ ಹೋಗದೆ, ಯಾರನ್ನೂ ಒಂಟಿ ಮಾಡಬಾರದು ಎಂದು ಖಡಾಖಂಡಿತವಾಗಿ ಹೇಳಿ.

ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಗೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಹಂತ 7: ಸದ್ದಿಲ್ಲದೆ ಬೇರೆ ಕ್ಲಬ್‌ಗೆ ದಾಟಿಸಬೇಡಿ

ಅಮೆರಿಕದ ಮಹಿಳಾ ಫುಟ್‌ಬಾಲ್‌ನಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. 2015ರಲ್ಲಿ ಪೋರ್ಟ್‌ಲ್ಯಾಂಡ್ ಥಾರ್ನ್ಸ್ ತಂಡದ ಆಟಗಾರ್ತಿಯೊಬ್ಬರು ಕೋಚ್ ಪಾಲ್ ರೈಲಿ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟರು. ಕ್ಲಬ್ ವಿಚಾರಣೆ ಮಾಡಿತು, ಅವರನ್ನು ಕೆಲಸದಿಂದ ತೆಗೆಯಿತು. ಆದರೆ ಹೊರಗಿನ ಲೋಕಕ್ಕೆ ಹೇಳಿದ್ದು, ಮುಂದಿನ ಸೀಸನ್‌ಗೆ ಅವರು ಇರುವುದಿಲ್ಲ ಎಂದಷ್ಟೇ. ಕೆಲವೇ ತಿಂಗಳಲ್ಲಿ ಅದೇ ಲೀಗ್‌ನ ಇನ್ನೊಂದು ತಂಡ ಅವರನ್ನು ಸೇರಿಸಿಕೊಂಡಿತು. 2016ರಲ್ಲಿ ಆ ತಂಡ ಪ್ರಶಸ್ತಿ ಗೆದ್ದಿತು, ಆಮೇಲೆ ನಾರ್ತ್ ಕೆರೊಲಿನಾ ಕರೇಜ್ ಹೆಸರಿನಲ್ಲಿ 2018, 2019ರಲ್ಲೂ ಗೆದ್ದಿತು. 2021ರ ಸೆಪ್ಟೆಂಬರ್‌ನಲ್ಲಿ ಆಟಗಾರ್ತಿಯರು ಪತ್ರಿಕೆಯ ಮುಂದೆ ಬಾಯಿ ಬಿಟ್ಟ ಮೇಲಷ್ಟೇ ಅವರ ಕೆಲಸ ಹೋಯಿತು. ರೈಲಿ ಹೆಚ್ಚಿನ ಆರೋಪಗಳನ್ನು ಅಲ್ಲಗಳೆದಿದ್ದರು. ಆ ವಾರದ ಪಂದ್ಯಗಳು ರದ್ದಾದವು. ಮತ್ತೆ ಆಟ ಶುರುವಾದಾಗ ಆರನೇ ನಿಮಿಷಕ್ಕೆ ಎರಡೂ ತಂಡದವರು ಆಟ ನಿಲ್ಲಿಸಿ, ಮೈದಾನದ ನಡುವೆ ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ದೂರಿಗೆ ಬೆಲೆ ಸಿಗಲು ಆರು ವರ್ಷ ಬೇಕಾಗಿತ್ತು, ಅದಕ್ಕೆ. 2022ರ ಅಕ್ಟೋಬರ್‌ನಲ್ಲಿ ಸ್ವತಂತ್ರ ತನಿಖಾ ವರದಿ ಬಂತು. 2023ರ ಜನವರಿಯಲ್ಲಿ ಲೀಗ್ ಅವರನ್ನೂ ಇನ್ನೂ ಮೂವರು ಕೋಚ್‌ಗಳನ್ನೂ ಶಾಶ್ವತವಾಗಿ ನಿಷೇಧಿಸಿತು, ಪೋರ್ಟ್‌ಲ್ಯಾಂಡ್ ಕ್ಲಬ್‌ಗೆ 10 ಲಕ್ಷ ಡಾಲರ್ ದಂಡ ಹಾಕಿತು.

ನಮ್ಮಲ್ಲೂ ಇದೇ ಆಗುತ್ತದೆ. "ನೀವೇ ರಾಜೀನಾಮೆ ಕೊಟ್ಟುಬಿಡಿ ಸರ್" ಎಂದು ಹೇಳಿ, ಶಾಲು ಹೊದಿಸಿ, ಒಳ್ಳೆಯ ನಡತೆ ಪತ್ರ ಕೊಟ್ಟು ಕಳಿಸುತ್ತಾರೆ. ಮುಂದಿನ ತಾಲ್ಲೂಕಿನ ಮಕ್ಕಳಿಗೆ ಆ ಪತ್ರವೇ ಕಂಟಕ.

ಹಾಗಾಗಿ ವಿಚಾರಣೆ ನಡುವೆ ರಾಜೀನಾಮೆ ಬಂದರೂ ವಿಚಾರಣೆ ಪೂರ್ತಿ ಮಾಡಿ, ಫಲಿತಾಂಶ ಬರೆದಿಡಿ. ತಪ್ಪು ಸಾಬೀತಾದರೆ ಬಿಡುಗಡೆ ಪತ್ರದಲ್ಲಿ "ಶಿಸ್ತು ಕ್ರಮದ ಮೇಲೆ ಒಪ್ಪಂದ ಕೊನೆಗೊಳಿಸಲಾಗಿದೆ" ಎಂದು ಬರೆಯಿರಿ, ಹೊಗಳಿಕೆ ಬೇಡ. ಕೋಚ್‌ಗೆ ಲೈಸೆನ್ಸ್ ಅಥವಾ ನೋಂದಣಿ ಕೊಟ್ಟ ಅಸೋಸಿಯೇಷನ್‌ಗೆ ತಿಳಿಸಿ. ಬೇರೆ ಕ್ಲಬ್‌ನವರು ಕೇಳಿದರೆ ದಾಖಲೆಯಲ್ಲಿ ಇರುವುದನ್ನಷ್ಟೇ ಹೇಳಿ, ದೂರು ಕೊಟ್ಟವರ ಗುರುತು ಹೇಳಬೇಡಿ. ಗೌಪ್ಯತೆಯ ನಿಯಮವೂ ಇದೆ, ಮಾನನಷ್ಟದ ಮಾತೂ ಬರಬಹುದು. ಆ ಉತ್ತರ ಕಳಿಸುವ ಮುನ್ನ ಒಬ್ಬ ವಕೀಲರಿಗೆ ತೋರಿಸುವುದು ಒಳ್ಳೆಯದು.

ಮುಂದಿನ ಕೋಚ್, ಮುಂದಿನ ಪ್ರವಾಸ

ಹೊಸಬರನ್ನು ತೆಗೆದುಕೊಳ್ಳುವಾಗ ಹಿಂದಿನ ಎರಡು ಕ್ಲಬ್‌ಗಳಿಗೆ ನೀವೇ ಫೋನ್ ಮಾಡಿ. "ಹೇಗಿದ್ರು?" ಎಂದು ಕೇಳಿದರೆ "ಚೆನ್ನಾಗಿದ್ರು" ಎಂಬ ಉತ್ತರ ಬರುತ್ತದೆ. "ಮತ್ತೆ ಮಕ್ಕಳ ಜೊತೆ ಕೆಲಸಕ್ಕೆ ತಗೋತೀರಾ?" ಎಂದು ಕೇಳಿ. ಉತ್ತರ ತಡವಾದರೆ ಇನ್ನಷ್ಟು ವಿಚಾರಿಸಿ. ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪತ್ರ ಮಾಡಿಸಿ ತರಲು ಹೇಳಿ. ಆದರೆ ಕೇಸೇ ದಾಖಲಾಗದಿದ್ದರೆ ಅದರಲ್ಲಿ ಏನೂ ಕಾಣುವುದಿಲ್ಲ, ಆದ್ದರಿಂದ ಫೋನ್ ಕರೆ ಬಿಡಬೇಡಿ.

ಪ್ರವಾಸಕ್ಕೆ ಕೆಲವೇ ನಿಯಮ ಸಾಕು, ಅವನ್ನು ಮುರಿಯಬೇಡಿ. 2022ರ ಜೂನ್‌ನಲ್ಲಿ ಸ್ಲೊವೇನಿಯಾಗೆ ಹೋಗಿದ್ದ ಭಾರತದ ಸೈಕ್ಲಿಂಗ್ ಪಟುವೊಬ್ಬರು, ಕೋಚ್ ತನ್ನ ಕೋಣೆಯಲ್ಲೇ ಇರುವಂತೆ ಒತ್ತಾಯಿಸಿದರು ಎಂದು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ದೂರಿದರು. ಪ್ರಾಧಿಕಾರ ಆ ಆಟಗಾರ್ತಿಯನ್ನು ಕೂಡಲೇ ವಾಪಸ್ ಕರೆಸಿತು, ಆಮೇಲೆ ಕೋಚ್‌ನ ಒಪ್ಪಂದ ರದ್ದು ಮಾಡಿತು. ಅದೇ ತಿಂಗಳು, ಮಹಿಳಾ ಆಟಗಾರರು ಹೋಗುವ ಪ್ರವಾಸಗಳಲ್ಲಿ ಮಹಿಳಾ ಕೋಚ್ ಇರಲೇಬೇಕು ಎಂದು ಫೆಡರೇಷನ್‌ಗಳಿಗೆ ಸೂಚನೆ ಹೋಯಿತು. ದೂರು ಬಂದದ್ದು ಕೋಣೆ ಹಂಚಿಕೆಯಿಂದ. ನಿಮ್ಮ ಕ್ಲಬ್ ದಾವಣಗೆರೆಗೋ ಬೆಳಗಾವಿಗೋ ಹೊರಟಾಗ ಮಹಿಳಾ ಕೋಚ್ ಸಿಗದಿದ್ದರೆ ಒಬ್ಬ ತಾಯಿಯನ್ನು ಮ್ಯಾನೇಜರ್ ಮಾಡಿ ಕರೆದುಕೊಂಡು ಹೋಗಿ, ಅವರ ಖರ್ಚು ಕ್ಲಬ್ ಹಾಕಲಿ. ಯಾರು ಯಾವ ಕೋಣೆ ಎಂಬ ಪಟ್ಟಿ ಹೊರಡುವ ಹಿಂದಿನ ದಿನವೇ ಎಲ್ಲ ಪೋಷಕರ ಕೈ ಸೇರಲಿ. ಯಾವ ದೊಡ್ಡವರೂ ಮಕ್ಕಳ ಕೋಣೆಯಲ್ಲಿ ಮಲಗುವಂತಿಲ್ಲ. ಸ್ಪ್ರೇ, ಬ್ಯಾಂಡೇಜ್, ಮಸಾಜ್ ಏನೇ ಇದ್ದರೂ ಹಾಲ್‌ನಲ್ಲಿ, ಇನ್ನೊಬ್ಬ ದೊಡ್ಡವರ ಎದುರಿಗೆ ಆಗಲಿ. ಪಟ್ಟಿಯ ಕೆಳಗೆ ದೂರು ಸ್ವೀಕರಿಸುವ ಇಬ್ಬರ ನಂಬರ್ ಮತ್ತು 1098 ಅಚ್ಚಾಗಿರಲಿ.